ಸಾಲ್ಟ್ ಅನಾಲಿಸಿಸ್ ತಪ್ಪದೆ ಮಾಡುವುದು ಹೇಗೆ: ಕರಾವಳಿಯ ಲ್ಯಾಬಿಗೆ ಹೊಸದಾಗಿ ಬಂದವರಿಗೆ ಸಮಗ್ರ ಮಾರ್ಗದರ್ಶಿ

ಒಂದು ಮಳೆಗಾಲದಲ್ಲಿ ಹೊರಗಿನಿಂದ ಬಂದಿದ್ದ ಒಬ್ಬ ವಿದ್ಯಾರ್ಥಿಗೆ ಮೆಗ್ನೀಸಿಯಂ ಸಲ್ಫೇಟನ್ನು ಹೆಸರು ಹೇಳದೆ ಕೊಟ್ಟು, ಯಾವ ಸಾಲ್ಟ್ ಅಂತ ಕಂಡುಹಿಡಿಯಲು ಹೇಳಿದ್ದೆ. ಮೂರು ಗಂಟೆ ಕಷ್ಟಪಟ್ಟು ಕೊನೆಗೆ ಅವನು ಬರೆದ ಉತ್ತರ: ಅಲ್ಯೂಮಿನಿಯಂ ಕ್ಲೋರೈಡ್. ಎರಡೂ ಭಾಗ ತಪ್ಪು. ಆದರೆ ಅವನ ರೆಕಾರ್ಡ್ ಓದಿದರೆ ಸುಳ್ಳು ಒಂದೂ ಇರಲಿಲ್ಲ. ಬಿಳಿ ಪ್ರೆಸಿಪಿಟೇಟ್ (ದ್ರಾವಣದಿಂದ ಕರಗದೆ ಬೇರೆಯಾಗುವ ಗಟ್ಟಿ ವಸ್ತು) ನಿಜವಾಗಿಯೂ ಬಂದಿತ್ತು, ಸಿಲ್ವರ್ ನೈಟ್ರೇಟ್ ಹಾಕಿದಾಗ ದ್ರಾವಣ ನಿಜವಾಗಿಯೂ ಬೆಳ್ಳಗಾಗಿತ್ತು.

ಹಾಗೆ ಬೆಳ್ಳಗಾಗುವುದು ಕ್ಲೋರೈಡ್‌ನ ಗುರುತು. ಆ ಕ್ಲೋರೈಡ್ ಬಂದದ್ದು ನಲ್ಲಿ ನೀರಿನಿಂದ. ಅಲ್ಯೂಮಿನಿಯಂ "ಬಂದದ್ದು" ಅಮೋನಿಯಂ ಕ್ಲೋರೈಡ್ ಹಾಕದೆ ನೇರವಾಗಿ ಅಮೋನಿಯಾ ಸುರಿದದ್ದರಿಂದ. ಮಂಗಳೂರು, ಉಡುಪಿ ಕಡೆ ಓದಲು ಬರುವ ಮಕ್ಕಳು ಪ್ರತಿ ವರ್ಷ ಇದೇ ಎರಡು ಕಡೆ ಜಾರುತ್ತಾರೆ. ಬುದ್ಧಿ ಕಡಿಮೆ ಅಂತ ಅಲ್ಲ. ಕ್ರಮ ತಪ್ಪಿರುತ್ತದೆ, ಇಲ್ಲವೇ ತಾವೇ ಹಾಕಿದ್ದನ್ನು ತಾವೇ ಕಂಡುಹಿಡಿದಿರುತ್ತಾರೆ. ಈ ಲೇಖನ ಪೂರ್ತಿ ಆ ಎರಡು ವಿಷಯದ ಬಗ್ಗೆಯೇ.

ಇಲ್ಲಿ ಹೇಳಿರುವುದು ಒಂದೇ ಕ್ಯಾಟಯಾನ್ (ಧನ ಅಯಾನ್, ಮೆಗ್ನೀಸಿಯಂನಂಥದು), ಒಂದೇ ಆನಯಾನ್ (ಋಣ ಅಯಾನ್, ಸಲ್ಫೇಟ್‌ನಂಥದು) ಇರುವ ಸರಳ ಸಾಲ್ಟ್‌ಗೆ. ಮಿಶ್ರಣ ಕೊಟ್ಟರೂ ಕ್ರಮ ಇದೇ, ಕೆಲಸ ಮಾತ್ರ ಜಾಸ್ತಿ.

ಶುರು ಮಾಡುವ ಮೊದಲು ಬೆಂಚಿನ ಮೇಲೆ ಇರಬೇಕಾದದ್ದು

ಹನ್ನೆರಡು ಟೆಸ್ಟ್ ಟ್ಯೂಬ್, ಅದರಲ್ಲಿ ಮೂರು ಪೂರ್ತಿ ಒಣಗಿದ್ದು. ಸ್ಟ್ಯಾಂಡ್, ಹೋಲ್ಡರ್, ಬರ್ನರ್, ಡ್ರಾಪರ್, ಗಾಜಿನ ಕಡ್ಡಿ, ಫನೆಲ್, ಫಿಲ್ಟರ್ ಪೇಪರ್, ವಾಚ್ ಗ್ಲಾಸ್, ನಿಕ್ರೋಮ್ ತಂತಿ, ಲಿಟ್ಮಸ್ ಪೇಪರ್. ತೊಳೆಯುವ ಬಾಟಲಿಯಲ್ಲಿ ಡಿಸ್ಟಿಲ್ಡ್ ವಾಟರ್. ಜೊತೆಗೆ ಒಂದು ಕಪ್ಪು ಬಟ್ಟೆಯ ತುಂಡು ಅಥವಾ ಕಪ್ಪು ಕಾಗದ. ಅದು ಯಾಕೆ ಅಂತ 6ನೇ ಹಂತದಲ್ಲಿ ಗೊತ್ತಾಗುತ್ತದೆ.

ಕನ್ನಡಕ ಮತ್ತು ಹತ್ತಿಯ ಏಪ್ರನ್ ಬೇಕೇ ಬೇಕು. ನಮ್ಮ ಕಡೆ ಸೆಕೆ ಜಾಸ್ತಿ, ಬೆವರಿಗೆ ಕನ್ನಡಕ ಮಂಜಾಗುತ್ತದೆ ಅಂತ ಹಣೆಗೆ ಏರಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ನಿಮಿಷ ಕಿಟಕಿ ಹತ್ತಿರ ಹೋಗಿ ಒರೆಸಿಕೊಂಡು ಬನ್ನಿ.

ಹಂತ 1: ಮೊದಲು ನೀರನ್ನೇ ಪರೀಕ್ಷಿಸಿ

ಈ ಹಂತ ಎಷ್ಟೋ ಮ್ಯಾನುಯಲ್‌ಗಳಲ್ಲಿ ಇರುವುದಿಲ್ಲ. ಆದರೆ ಇಲ್ಲಿ ಇದನ್ನು ಬಿಟ್ಟರೆ ಮುಂದಿನದೆಲ್ಲ ಅನುಮಾನ.

ಮಂಗಳೂರಿನ ನಲ್ಲಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ನೀರು ಬರುತ್ತದೆ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಶುದ್ಧೀಕರಿಸಿ, ಕ್ಲೋರಿನ್ ಸೇರಿಸಿ ಬಿಟ್ಟ ನೀರದು. ಕುಡಿಯಲು ಒಳ್ಳೆಯದು, ಕ್ಲೋರೈಡ್ ಟೆಸ್ಟ್‌ಗೆ ಅಲ್ಲ. ಬಾವಿ ನೀರಾದರೆ ಮುರಕಲ್ಲಿನ (ಲ್ಯಾಟರೈಟ್) ನೆಲದಿಂದ ಕಬ್ಬಿಣದ ಅಂಶ ಸೇರಿರಬಹುದು.

ಒಂದು ಟ್ಯೂಬಿಗೆ ನಲ್ಲಿ ನೀರು, ಇನ್ನೊಂದಕ್ಕೆ ನಿಮಗೆ ಕೊಟ್ಟ ಡಿಸ್ಟಿಲ್ಡ್ ವಾಟರ್ ತಲಾ 2 ಮಿಲಿ ಹಾಕಿ. ಎರಡಕ್ಕೂ ಎರಡು ಹನಿ ಡೈಲ್ಯೂಟ್ ನೈಟ್ರಿಕ್ ಆಸಿಡ್, ಆಮೇಲೆ ಎರಡು ಹನಿ ಸಿಲ್ವರ್ ನೈಟ್ರೇಟ್. ಮೊದಲನೆಯದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾದರೆ ಆಶ್ಚರ್ಯವಿಲ್ಲ. ಎರಡನೆಯದು ತಿಳಿಯಾಗಿಯೇ ಇರಬೇಕು. ಅದೂ ಮಬ್ಬಾದರೆ ಬಾಟಲಿಗೆ ಯಾರೋ ನಲ್ಲಿ ನೀರು ತುಂಬಿದ್ದಾರೆ ಅಂತ ಅರ್ಥ. ಬದಲಿಸಿಕೊಂಡು ಬನ್ನಿ.

ಟ್ಯೂಬ್‌ಗಳನ್ನು ನಲ್ಲಿ ನೀರಲ್ಲಿ ತೊಳೆಯಬಹುದು, ಆದರೆ ಕೊನೆಗೆ ಎರಡು ಸಲ ಡಿಸ್ಟಿಲ್ಡ್ ವಾಟರ್ ಹಾಕಿ ಕುಲುಕಿ ಚೆಲ್ಲಿ. ನಮ್ಮ ಆ ವಿದ್ಯಾರ್ಥಿ ಬಿಟ್ಟದ್ದು ಇದನ್ನೇ.

ಹಂತ 2: ಒಣ ಸಾಲ್ಟ್ ನೋಡಿ, ಬಿಸಿ ಮಾಡಿ

ಬಣ್ಣ ನೋಡಿ. ನೀಲಿಯಾದರೆ ತಾಮ್ರ, ಹಸಿರಾದರೆ ನಿಕ್ಕೆಲ್, ತೀರಾ ತಿಳಿ ಹಸಿರಾದರೆ ಫೆರಸ್ ಕಬ್ಬಿಣ, ತಿಳಿ ಗುಲಾಬಿಯಾದರೆ ಮ್ಯಾಂಗನೀಸ್ ಇರಬಹುದು. "ಇರಬಹುದು" ಅಷ್ಟೇ. ಬಣ್ಣ ನೋಡಿ ಉತ್ತರ ಬರೆದು ಟೆಸ್ಟ್‌ಗಳನ್ನು ಅದಕ್ಕೆ ಹೊಂದಿಸುವವರು ತುಂಬ ಜನ.

ಸಾಲ್ಟ್ ಒದ್ದೆಯಾಗಿದೆ, ಗಂಟು ಕಟ್ಟಿದೆ ಅಂತ ಬರೆಯುವ ಮುನ್ನ ಯೋಚಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅಡುಗೆಮನೆಯ ಉಪ್ಪೇ ನೀರು ಬಿಡುತ್ತದೆ, ಅಲ್ವಾ? ಅದು ಸಾಲ್ಟ್‌ನ ಗುಣವೋ ಗಾಳಿಯ ಗುಣವೋ ಹೇಳುವುದು ಕಷ್ಟ. ಬಾಟಲಿಯ ಮುಚ್ಚಳ ಕೂಡಲೇ ಹಾಕಿ.

ಬಿಸಿ ಮಾಡಲು ಒಣ ಟ್ಯೂಬ್ ತೆಗೆದುಕೊಳ್ಳಿ. ಒಂದು ಹೆಸರುಕಾಳಿನಷ್ಟು ಸಾಲ್ಟ್ ಸಾಕು. ಟ್ಯೂಬಿನ ಬಾಯಿ ಸ್ವಲ್ಪ ಕೆಳಕ್ಕೆ ವಾಲಿರಲಿ. ಸಾಲ್ಟ್‌ನಿಂದ ಬಿಟ್ಟ ನೀರು ಬಾಯಿಯ ಹತ್ತಿರ ಹನಿಗಟ್ಟಿ, ವಾಪಸ್ಸು ಕಾದ ತಳಕ್ಕೆ ಹರಿದರೆ ಗಾಜು ಸೀಳುತ್ತದೆ. ಬಾಯಿ ಯಾರ ಕಡೆಗೂ ತಿರುಗಿರಬಾರದು.

ನೋಡಬೇಕಾದದ್ದು ಇಷ್ಟು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದಾದರೆ ಲೆಡ್ ನೈಟ್ರೇಟ್, ಬೇರಿಯಂ ನೈಟ್ರೇಟ್, ಸೋಡಿಯಂ ಕ್ಲೋರೈಡ್‌ನಂಥವು ನೆನಪಿರಲಿ. ಬಿಸಿಯಿದ್ದಾಗ ಹಳದಿ, ಆರಿದಾಗ ಬಿಳಿಯಾದರೆ ಜಿಂಕ್. ಟ್ಯೂಬಿನ ಮೇಲ್ಭಾಗದ ತಂಪು ಗಾಜಿಗೆ ಬಿಳಿ ಪುಡಿ ಹತ್ತಿ ಕೂತರೆ ಅಮೋನಿಯಂ ಸಾಲ್ಟ್ ಇರಬಹುದು. ಕಂದು ಹೊಗೆ ಬಂದರೆ ನೈಟ್ರೇಟ್ ಅಥವಾ ಬ್ರೋಮೈಡ್.

ಹಂತ 3: ಜ್ವಾಲೆಯ ಬಣ್ಣ

ತಂತಿಯನ್ನು ಕಾನ್ಸಂಟ್ರೇಟೆಡ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ ಜ್ವಾಲೆಗೆ ಹಿಡಿಯಿರಿ. ಬಣ್ಣ ಬಂದರೆ ಮತ್ತೆ ಅದ್ದಿ, ಮತ್ತೆ ಹಿಡಿಯಿರಿ. ಜ್ವಾಲೆಗೆ ಯಾವ ಬಣ್ಣವೂ ಬರದಿರುವ ತನಕ ಬಿಡಬೇಡಿ. ಆಮೇಲೆ ವಾಚ್ ಗ್ಲಾಸಿನಲ್ಲಿ ಸಾಲ್ಟನ್ನು ಅದೇ ಆಸಿಡ್ ಜೊತೆ ಕಲಸಿ, ತಂತಿಯ ತುದಿಗೆ ಹತ್ತಿಸಿ ಹಿಡಿಯಿರಿ.

ಕ್ಯಾಲ್ಸಿಯಂ ಮಂಗಳೂರು ಹಂಚಿನ ಕೆಂಪು, ಬಂದಷ್ಟೇ ಬೇಗ ಹೋಗುತ್ತದೆ. ಸ್ಟ್ರಾನ್ಷಿಯಂ ಕೆಂಪು ದಾಸವಾಳದ ಬಣ್ಣ. ಬೇರಿಯಂ ಎಳೆ ಬಾಳೆಸುಳಿಯ ಹಳದಿ ಮಿಶ್ರಿತ ಹಸಿರು, ಆದರೆ ಕೂಡಲೇ ಬರುವುದಿಲ್ಲ, ತಂತಿ ಚೆನ್ನಾಗಿ ಕಾಯಬೇಕು. ತಾಮ್ರ ನೀಲಿ ಹಸಿರು. ಪೊಟ್ಯಾಸಿಯಂ ತಿಳಿ ನೇರಳೆ.

ಎಲ್ಲರಿಗೂ "ಸೋಡಿಯಂ" ಬರುವ ಗುಟ್ಟು ಬೆವರು. ಬೆವರಿನ ಕೈ ತಂತಿಗೆ ಒಂದು ಸಲ ತಾಗಿದರೆ ಸಾಕು, ಜ್ವಾಲೆ ಬಂಗಾರದ ಹಳದಿಯಾಗುತ್ತದೆ. ತಂತಿಯ ತುದಿ ಮುಟ್ಟಬೇಡಿ, ಬೆವರು ಒರೆಸಿದ ಕರ್ಚೀಫಿನಿಂದ ಉಜ್ಜಬೇಡಿ. ನಿಜವಾದ ಸೋಡಿಯಂ ಸಾಲ್ಟ್ ಕೊಡುವ ಹಳದಿ ಗಾಢವಾಗಿ ತುಂಬ ಹೊತ್ತು ನಿಲ್ಲುತ್ತದೆ. ಹಳದಿಯ ಹಿಂದೆ ಪೊಟ್ಯಾಸಿಯಂ ಅಡಗಿದೆಯೇ ನೋಡಲು ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡಿ.

ಹಂತ 4: ಆನಯಾನ್ ಹುಡುಕುವುದು

ಇಲ್ಲಿ ಮೂರು ಮೆಟ್ಟಿಲು. ಹಾರಿ ಹೋಗಬೇಡಿ.

*ಮೊದಲು ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್.* ಸಾಲ್ಟ್‌ಗೆ ಹಾಕಿ, ಮೊದಲು ತಣ್ಣಗೆ ನೋಡಿ, ಆಮೇಲೆ ಸ್ವಲ್ಪ ಬೆಚ್ಚಗೆ ಮಾಡಿ. ನೊರೆ ಉಕ್ಕಿ ಬರುವ ವಾಸನೆಯಿಲ್ಲದ ಗಾಳಿ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡಿದರೆ ಕಾರ್ಬೊನೇಟ್. ಕೊಳೆತ ಮೊಟ್ಟೆಯ ವಾಸನೆ ಬಂದು ಲೆಡ್ ಅಸಿಟೇಟ್ ಪೇಪರ್ ಕಪ್ಪಾದರೆ ಸಲ್ಫೈಡ್. ಸುಟ್ಟ ಗಂಧಕದ ವಾಸನೆ ಸಲ್ಫೈಟ್. ಕಂದು ಹೊಗೆ ನೈಟ್ರೈಟ್. ವಿನೆಗರ್ ವಾಸನೆ ಅಸಿಟೇಟ್.

ಎಚ್ಚರ: ಸಲ್ಫೈಟ್‌ನ ಗಾಳಿಯೂ ಸುಣ್ಣದ ನೀರನ್ನು ಹಾಲಾಗಿಸುತ್ತದೆ. ಆದ್ದರಿಂದ ವಾಸನೆ ನೋಡದೆ ಕಾರ್ಬೊನೇಟ್ ಅಂತ ಬರೆಯಬೇಡಿ. ಕಾರ್ಬನ್ ಡೈಆಕ್ಸೈಡನ್ನು ಜಾಸ್ತಿ ಹೊತ್ತು ಬಿಟ್ಟರೆ ಹಾಲಿನ ಬಣ್ಣ ಮತ್ತೆ ತಿಳಿಯಾಗುತ್ತದೆ, ಮಕ್ಕಳು ಆಗ ನೋಡಿ "ಇಲ್ಲ" ಅನ್ನುತ್ತಾರೆ. ಕಾರ್ಬೊನೇಟ್ ಕೈಗೆ ಕೂರಬೇಕೆಂದರೆ ಮರುವಾಯಿಯ (ಕಪ್ಪೆಚಿಪ್ಪು) ಖಾಲಿ ಚಿಪ್ಪು ಒಂದು ತಂದು ಕುಟ್ಟಿ ಪುಡಿ ಮಾಡಿ, ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ನೋಡಿ. ಇದು ಬರೀ ಅಭ್ಯಾಸಕ್ಕೆ. ಸಲ್ಫ್ಯೂರಿಕ್ ಆಸಿಡ್ ಹಾಕಿದರೆ ಕರಗದ ಕ್ಯಾಲ್ಸಿಯಂ ಸಲ್ಫೇಟ್ ಚಿಪ್ಪಿನ ಮೈಗೆ ಮೆತ್ತಿಕೊಂಡು ನೊರೆ ಬೇಗ ನಿಂತುಹೋಗುತ್ತದೆ. ಪರೀಕ್ಷೆಯ ಸಾಲ್ಟ್‌ನಲ್ಲೂ ನೊರೆ ಶುರುವಾಗಿ ತಟ್ಟನೆ ನಿಂತರೆ ಇದು ನೆನಪಿರಲಿ.

*ಆಮೇಲೆ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್.* ಮೊದಲಿನ ಟ್ಯೂಬಿಗೇ ಸುರಿಯಬೇಡಿ. ಹೊಸ ಒಣ ಟ್ಯೂಬ್, ಹೊಸ ಸಾಲ್ಟ್, ಆಸಿಡ್ ನಾಲ್ಕೈದು ಹನಿ. ಮೂಗಿಗೆ ಚುರ್ರೆನ್ನುವ ಗಾಳಿ, ಅಮೋನಿಯಾದಲ್ಲಿ ಅದ್ದಿದ ಗಾಜಿನ ಕಡ್ಡಿ ಹಿಡಿದರೆ ದಟ್ಟ ಬಿಳಿ ಹೊಗೆ, ಹಾಗಾದರೆ ಕ್ಲೋರೈಡ್. ನೇರಳೆ ಆವಿಯಾದರೆ ಅಯೊಡೈಡ್. ಕೆಂಪು ಕಂದು ಆವಿಯಾದರೆ ಎರಡು ದಾರಿ: ತಾಮ್ರದ ಚೂರು ಹಾಕಿ ಬಿಸಿ ಮಾಡಿ. ಹೊಗೆ ಇನ್ನೂ ದಟ್ಟವಾಗಿ ದ್ರಾವಣ ನೀಲಿಯಾದರೆ ನೈಟ್ರೇಟ್. ಇಲ್ಲದಿದ್ದರೆ ಬ್ರೋಮೈಡ್ ಕಡೆ ಹೋಗಿ.

*ಕೊನೆಗೆ ಎರಡಕ್ಕೂ ಉತ್ತರ ಕೊಡದವು.* ಸಲ್ಫೇಟ್ ಮತ್ತು ಫಾಸ್ಫೇಟ್. ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿ ಪ್ರೆಸಿಪಿಟೇಟ್ ಬಂದು, ಅದು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗದಿದ್ದರೆ ಸಲ್ಫೇಟ್. ಕಾನ್ಸಂಟ್ರೇಟೆಡ್ ನೈಟ್ರಿಕ್ ಆಸಿಡ್ ಜೊತೆ ಅಮೋನಿಯಂ ಮಾಲಿಬ್ಡೇಟ್ ಹಾಕಿ ಬೆಚ್ಚಗೆ ಮಾಡಿದಾಗ ಹಳದಿ ಪ್ರೆಸಿಪಿಟೇಟ್ ಬಂದರೆ ಫಾಸ್ಫೇಟ್.

ಸಾಲ್ಟ್ ನೀರಿನಲ್ಲಿ ಕರಗದಿದ್ದರೆ ಸೋಡಿಯಂ ಕಾರ್ಬೊನೇಟ್ ಎಕ್ಸ್‌ಟ್ರ್ಯಾಕ್ಟ್ ಮಾಡಿಕೊಳ್ಳಿ. ಒಂದು ಪಾಲು ಸಾಲ್ಟ್, ಮೂರು ಪಾಲು ಸೋಡಿಯಂ ಕಾರ್ಬೊನೇಟ್, ಡಿಸ್ಟಿಲ್ಡ್ ವಾಟರ್. ಹತ್ತು ನಿಮಿಷ ಕುದಿಸಿ ಸೋಸಿ. ಈ ದ್ರಾವಣದಲ್ಲಿ ಟೆಸ್ಟ್ ಮಾಡುವ ಮೊದಲು ಆಸಿಡ್ ಹಾಕಿ ನೊರೆ ಪೂರ್ತಿ ನಿಲ್ಲಿಸಬೇಕು. ಯಾವ ಆಸಿಡ್? ಇಲ್ಲೇ ಎಡವುವುದು. ಕ್ಲೋರೈಡ್ ಹುಡುಕುವಾಗ ನೈಟ್ರಿಕ್, ಸಲ್ಫೇಟ್ ಹುಡುಕುವಾಗ ಹೈಡ್ರೋಕ್ಲೋರಿಕ್. ತಿರುಗಾಮುರುಗಾ ಮಾಡಿ ಹೈಡ್ರೋಕ್ಲೋರಿಕ್ ಹಾಕಿ ಕ್ಲೋರೈಡ್ ಹುಡುಕಿದರೆ ಸಿಕ್ಕೇ ಸಿಗುತ್ತದೆ, ಹಾಕಿದ್ದು ನೀವೇ. ಆಸಿಡ್ಡೇ ಹಾಕದಿದ್ದರೂ ಸಿಲ್ವರ್ ಕಾರ್ಬೊನೇಟ್ ಪ್ರೆಸಿಪಿಟೇಟ್ ಆಗಿ ಮೋಸ ಮಾಡುತ್ತದೆ. ಈ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಕಾರ್ಬೊನೇಟ್ ಹುಡುಕುವುದಂತೂ ಬೇಡವೇ ಬೇಡ.

ನೈಟ್ರೇಟ್ ಖಚಿತಪಡಿಸುವ ಟೆಸ್ಟ್‌ನಲ್ಲಿ ಬ್ರೌನ್ ರಿಂಗ್ (ಕಂದು ಉಂಗುರ) ಬರುತ್ತಿಲ್ಲ ಅಂತ ಅಳುವವರಿಗೆ ಒಂದು ಮಾತು. ಹೊಸದಾಗಿ ಮಾಡಿದ ಫೆರಸ್ ಸಲ್ಫೇಟ್ ದ್ರಾವಣ ಬೇಕು. ನಮ್ಮ ಕಡೆಯ ತೇವಕ್ಕೆ ಹರಳುಗಳ ಮೈ ಬೇಗ ಕಂದಾಗುತ್ತದೆ. ಕಂದು ಪದರವನ್ನು ಸ್ವಲ್ಪ ತಣ್ಣೀರಿನಲ್ಲಿ ತೊಳೆದು, ಒಳಗಿನ ಹಸಿರು ಹರಳನ್ನು ಕರಗಿಸಿ. ಸಾಲ್ಟ್ ದ್ರಾವಣದ ಜೊತೆ ಬೆರೆಸಿ ಟ್ಯೂಬ್ ಓರೆ ಹಿಡಿದು, ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡನ್ನು ಗಾಜಿನ ಗೋಡೆಯ ಮೇಲೆ ಹನಿಹನಿಯಾಗಿ ಜಾರಿಸಿ. ಅದು ಭಾರ, ತಾನಾಗಿ ತಳಕ್ಕೆ ಇಳಿಯುತ್ತದೆ. ಅಲುಗಿಸದೆ ಸ್ಟ್ಯಾಂಡಿನಲ್ಲಿಟ್ಟು ಕಾಯಿರಿ. ಎರಡೂ ಪದರ ಸೇರುವಲ್ಲಿ ಉಂಗುರ ಕಾಣುತ್ತದೆ. ತೋರಿಸಲು ಎತ್ತಿಕೊಂಡು ಓಡಿದರೆ ದಾರಿಯಲ್ಲೇ ಮಾಯ. ಮೇಡಮ್ಮನ್ನೋ ಸರ್ ಅನ್ನೋ ಬೆಂಚಿಗೇ ಕರೆಯಿರಿ.

ಹಂತ 5: ಒರಿಜಿನಲ್ ಸೊಲ್ಯೂಷನ್

ಕ್ಯಾಟಯಾನ್ ಹುಡುಕಲು ಸಾಲ್ಟನ್ನು ಪೂರ್ತಿ ಕರಗಿಸಬೇಕು. ಈ ಕ್ರಮದಲ್ಲೇ ಪ್ರಯತ್ನಿಸಿ: ತಣ್ಣೀರು, ಬಿಸಿನೀರು, ಡೈಲ್ಯೂಟ್ ಹೈಡ್ರೋಕ್ಲೋರಿಕ್, ಕಾನ್ಸಂಟ್ರೇಟೆಡ್ ಹೈಡ್ರೋಕ್ಲೋರಿಕ್. ಸ್ವಲ್ಪ ಸಾಲ್ಟ್‌ನಲ್ಲಿ ಮೊದಲು ನೋಡಿ, ಕರಗಿದ ಮೇಲೆ ಅದೇ ದ್ರವದಲ್ಲಿ 15 ಮಿಲಿಯಷ್ಟು ಮಾಡಿಟ್ಟುಕೊಳ್ಳಿ. ಕಲಕಿದ ಹಾಗೇ ಇರುವ ದ್ರಾವಣ ಹಿಡಿದು ಮುಂದೆ ಹೋಗಬೇಡಿ.

ಡೈಲ್ಯೂಟ್ ಹೈಡ್ರೋಕ್ಲೋರಿಕ್‌ನಲ್ಲಿ ತಣ್ಣಗೇ ಕರಗಿದರೆ ಮುಂದಿನ ಹಂತದ ಒಂದನೇ ಗುಂಪು ಇಲ್ಲ ಅಂತ ಆಗಲೇ ಗೊತ್ತಾಯಿತು.

ಹಂತ 6: ಗುಂಪುಗಳು, ಒಂದರ ನಂತರ ಒಂದು

ಒಂದೇ ರೀಏಜೆಂಟ್‌ಗೆ (ಪರೀಕ್ಷೆಗೆ ಹಾಕುವ ರಾಸಾಯನಿಕ) ಉತ್ತರ ಕೊಡುವ ಕ್ಯಾಟಯಾನ್‌ಗಳದ್ದು ಒಂದು ಗುಂಪು. ಅತಿ ಹೆಚ್ಚು ತಪ್ಪು ಆಗುವ ಜಾಗ ಇದು. ನಿಧಾನವಾಗಿ ಓದಿ.

ಸೊನ್ನೆ ಗುಂಪು, ಅಮೋನಿಯಂ. ಮೂಲ ಒಣ ಸಾಲ್ಟ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿ ಮಾಡಿ. ಅಮೋನಿಯಾ ವಾಸನೆ ಬಂದು, ಒದ್ದೆ ಮಾಡಿದ ಕೆಂಪು ಲಿಟ್ಮಸ್ ನೀಲಿಯಾಗಬೇಕು. ಇದನ್ನು ಈಗಲೇ ಮುಗಿಸಿ. ಮುಂದೆ ನೀವು ಅಮೋನಿಯಂ ಕ್ಲೋರೈಡ್ ಹಾಕುತ್ತೀರಿ, ಆಮೇಲೆ ಹುಡುಕಿದರೆ ಎಲ್ಲ ಸಾಲ್ಟ್‌ನಲ್ಲೂ ಅಮೋನಿಯಂ ಇರುತ್ತದೆ.

ಒಂದನೇ ಗುಂಪು. ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದಾಗ ಬಿಳಿ ಪ್ರೆಸಿಪಿಟೇಟ್ ಬಂದರೆ ಸಾಮಾನ್ಯವಾಗಿ ಲೆಡ್. ನೀರು ಸೇರಿಸಿ ಕುದಿಸಿ, ಕರಗುತ್ತದೆ. ಬಿಸಿ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ಹಾಕಿ. ಹಳದಿ ಬಂದದ್ದನ್ನು ಮತ್ತೆ ನೀರು ಹಾಕಿ ಕುದಿಸಿ ಕರಗಿಸಿ, ನಲ್ಲಿಯ ಕೆಳಗೆ ತಂಪು ಮಾಡಿ. ಬಂಗಾರದ ರೇಕುಗಳು ಮಿನುಗುತ್ತ ಇಳಿಯುತ್ತವೆ. ಇಷ್ಟು ವರ್ಷವಾದರೂ ನನಗೆ ಅದನ್ನು ನೋಡಿ ಸಾಕಾಗಿಲ್ಲ.

ಲೆಡ್ ಕ್ಲೋರೈಡ್ 20 ಡಿಗ್ರಿಯಲ್ಲೂ 100 ಮಿಲಿ ನೀರಿಗೆ ಸುಮಾರು 1 ಗ್ರಾಂ ಕರಗುತ್ತದೆ. ಹಾಗಾಗಿ ದ್ರಾವಣ ತೆಳುವಾಗಿದ್ದರೆ ಲೆಡ್ ಇಲ್ಲಿ ಕಾಣದೆ ಎರಡನೇ ಗುಂಪಿನಲ್ಲಿ ಕಪ್ಪಾಗಿ ಬರಬಹುದು.

ಎರಡನೇ ಗುಂಪು. ಅದೇ ಆಮ್ಲೀಯ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್. ಕಪ್ಪಾದರೆ ತಾಮ್ರ, ಲೆಡ್ ಅಥವಾ ಮರ್ಕ್ಯುರಿ, ಹಳದಿಯಾದರೆ ಕ್ಯಾಡ್ಮಿಯಂ. ಆಸಿಡ್ ಇರಲೇಬೇಕು. ಅದು ಸಲ್ಫೈಡ್ ಅಯಾನನ್ನು ಹಿಡಿದಿಟ್ಟು ಕಡಿಮೆ ಮಾಡುತ್ತದೆ, ಸ್ವಲ್ಪಕ್ಕೇ ಪ್ರೆಸಿಪಿಟೇಟ್ ಆಗುವವು ಮಾತ್ರ ಬೀಳುತ್ತವೆ. ಆಸಿಡ್ ಇಲ್ಲದಿದ್ದರೆ ನಾಲ್ಕನೇ ಗುಂಪಿನ ಜಿಂಕ್, ನಿಕ್ಕೆಲ್ ಎಲ್ಲ ಇಲ್ಲೇ ಬೀಳಬಹುದು.

ಈ ಗಾಳಿ ವಿಷ. ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ. ಮೊದಲು ಬರುತ್ತಿದ್ದ ಕೊಳೆತ ಮೊಟ್ಟೆಯ ವಾಸನೆ ಇದ್ದಕ್ಕಿದ್ದಂತೆ ನಿಂತುಹೋದರೆ "ಹೋಯಿತು" ಅಂದುಕೊಳ್ಳಬೇಡಿ. ಗಾಳಿಯಲ್ಲಿ ಜಾಸ್ತಿಯಾದಾಗ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ. ತಲೆನೋವು, ಕಣ್ಣುರಿ, ತಲೆ ತಿರುಗುವುದು ಯಾವುದು ಕಂಡರೂ ಕೂಡಲೇ ಹೊರಗೆ ಬನ್ನಿ.

ಮೂರನೇ ಗುಂಪು. ಮೊದಲು ದ್ರಾವಣ ಕುದಿಸಿ ಹೈಡ್ರೋಜನ್ ಸಲ್ಫೈಡ್ ಪೂರ್ತಿ ಓಡಿಸಿ. ಆವಿಗೆ ಹಿಡಿದ ಲೆಡ್ ಅಸಿಟೇಟ್ ಪೇಪರ್ ಕಪ್ಪಾಗಬಾರದು. ಎರಡು ಹನಿ ಕಾನ್ಸಂಟ್ರೇಟೆಡ್ ನೈಟ್ರಿಕ್ ಆಸಿಡ್ ಹಾಕಿ ಮತ್ತೆ ಕುದಿಸಿ, ಫೆರಸ್ ಇದ್ದರೆ ಫೆರಿಕ್ ಆಗಲಿ. ಆರಿಸಿ. ಈಗ ಅಮೋನಿಯಂ ಕ್ಲೋರೈಡ್ ಧಾರಾಳವಾಗಿ, ಎರಡು ಮೂರು ಚಮಚೆ. ಅದಾದ ಮೇಲೆ ಅಮೋನಿಯಂ ಹೈಡ್ರಾಕ್ಸೈಡ್ (ನೀರಿನಲ್ಲಿ ಕರಗಿಸಿದ ಅಮೋನಿಯಾ), ದ್ರಾವಣದಿಂದ ಅಮೋನಿಯಾ ವಾಸನೆ ಬರುವ ತನಕ.

ಯಾಕೆ ಈ ಕ್ರಮ? ಅಮೋನಿಯಂ ಹೈಡ್ರಾಕ್ಸೈಡ್ ಒಂದೇ ಇದ್ದರೆ ಹೈಡ್ರಾಕ್ಸೈಡ್ ಅಯಾನ್ ಸಾಕಷ್ಟು ಹುಟ್ಟಿ ಮೆಗ್ನೀಸಿಯಂ, ಮ್ಯಾಂಗನೀಸ್ ಕೂಡ ಬೀಳುತ್ತವೆ. ಅಮೋನಿಯಂ ಕ್ಲೋರೈಡ್ ಮೊದಲೇ ಇದ್ದರೆ ಅದರ ಅಮೋನಿಯಂ ಅಯಾನ್ ಈ ಹುಟ್ಟನ್ನು ತಡೆಯುತ್ತದೆ. ಆಗ ಬೀಳುವುದು ಕಬ್ಬಿಣ, ಅಲ್ಯೂಮಿನಿಯಂ, ಕ್ರೋಮಿಯಂ ಮಾತ್ರ. ಮೆಗ್ನೀಸಿಯಂ ಅಲ್ಯೂಮಿನಿಯಂ ಆಗಿ ಬದಲಾದ ಕಥೆ ಇದೇ. ಕೊನೆಗೆ ಒಂದು ಹನಿ ಪರೀಕ್ಷೆಯಾದರೂ ಮಾಡಿದ್ದರೆ ಸಿಕ್ಕಿಬೀಳುತ್ತಿತ್ತು: ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜಾಸ್ತಿ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗುತ್ತದೆ, ಮೆಗ್ನೀಸಿಯಂನದು ಕರಗುವುದಿಲ್ಲ.

ಕಬ್ಬಿಣ ಕೆಮ್ಮಣ್ಣಿನ ಬಣ್ಣದಲ್ಲಿ ಬೀಳುತ್ತದೆ, ಕ್ರೋಮಿಯಂ ಮಾಸಲು ಹಸಿರು. ಅಲ್ಯೂಮಿನಿಯಂ ಕಾಣುವುದೇ ಕಷ್ಟ. ತಾಟಿನುಂಗಿನ ತಿರುಳಿನ ಹಾಗೆ ಅರೆಪಾರದರ್ಶಕ, ನೀರಲ್ಲಿ ತೇಲುತ್ತದೆ. ಬಿಳಿ ಗೋಡೆಯ ಎದುರು ಹಿಡಿದರೆ ಏನೂ ಇಲ್ಲ ಅನ್ನಿಸುತ್ತದೆ. ಎರಡು ನಿಮಿಷ ಬಿಟ್ಟು ಕಪ್ಪು ಬಟ್ಟೆಯ ಮುಂದೆ ಹಿಡಿದು ನೋಡಿ.

ನಾಲ್ಕನೇ ಗುಂಪು. ಈಗ ಅಮೋನಿಯಾ ಇರುವ ದ್ರಾವಣಕ್ಕೆ ಮತ್ತೆ ಹೈಡ್ರೋಜನ್ ಸಲ್ಫೈಡ್. ಬಿಳಿ ಜಿಂಕ್, ಮಾಸಲು ಗುಲಾಬಿ ಮ್ಯಾಂಗನೀಸ್, ಕಪ್ಪು ನಿಕ್ಕೆಲ್ ಅಥವಾ ಕೋಬಾಲ್ಟ್.

ಐದನೇ ಗುಂಪು. ಕುದಿಸಿ ಹೈಡ್ರೋಜನ್ ಸಲ್ಫೈಡ್ ಓಡಿಸಿ, ಅಮೋನಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಂ ಕಾರ್ಬೊನೇಟ್ ಹಾಕಿ. ಬಿಳಿ ಬಂದರೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂಗಳಲ್ಲಿ ಒಂದು. ಬರಬೇಕಾದಲ್ಲಿ ಬರಲಿಲ್ಲ ಅಂದರೆ ಅಮೋನಿಯಂ ಕಾರ್ಬೊನೇಟ್ ಬಾಟಲಿಯನ್ನು ಅನುಮಾನಿಸಿ. ಹಳೆಯದಾದರೆ ಅಮೋನಿಯಾ ಹಾರಿಹೋಗಿ ಬೈಕಾರ್ಬೊನೇಟ್ ಆಗಿರುತ್ತದೆ. ಪ್ರೆಸಿಪಿಟೇಟನ್ನು ಬಿಸಿ ಅಸಿಟಿಕ್ ಆಸಿಡ್‌ನಲ್ಲಿ ಕರಗಿಸಿ, ಬೇರೆ ಬೇರೆ ಪಾಲಿನಲ್ಲಿ ಈ ಕ್ರಮದಲ್ಲೇ ನೋಡಿ: ಪೊಟ್ಯಾಸಿಯಂ ಕ್ರೋಮೇಟ್ ಹಳದಿ ಕೊಟ್ಟರೆ ಬೇರಿಯಂ. ಇಲ್ಲದಿದ್ದರೆ ಅಮೋನಿಯಂ ಸಲ್ಫೇಟ್ ಬಿಳಿ ಕೊಟ್ಟರೆ ಸ್ಟ್ರಾನ್ಷಿಯಂ. ಅದೂ ಇಲ್ಲದಿದ್ದರೆ ಅಮೋನಿಯಂ ಆಕ್ಸಲೇಟ್ ಬಿಳಿ ಕೊಟ್ಟರೆ ಕ್ಯಾಲ್ಸಿಯಂ. ಆಕ್ಸಲೇಟ್ ಮೊದಲು ಹಾಕಿದರೆ ಬೇರಿಯಂ, ಸ್ಟ್ರಾನ್ಷಿಯಂ ಕೂಡ ಬಿಳಿ ಕೊಟ್ಟು ದಾರಿ ತಪ್ಪಿಸುತ್ತವೆ.

ಆರನೇ ಗುಂಪು, ಮೆಗ್ನೀಸಿಯಂ. ಅಮೋನಿಯಾ ಇರುವ ದ್ರಾವಣಕ್ಕೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಹಾಕಿ, ಗಾಜಿನ ಕಡ್ಡಿಯಿಂದ ಟ್ಯೂಬಿನ ಒಳಗೋಡೆ ಕೆರೆಯಿರಿ. ಕೆರೆದ ಗೆರೆಯ ಮೇಲೆ ಬಿಳಿ ಹರಳು ಕಟ್ಟುತ್ತದೆ. ಹಾಕಿದ ಕೂಡಲೇ ಬರುವುದಿಲ್ಲ, ಐದು ನಿಮಿಷ ಕಾಯಿರಿ.

ಹಂತ 7: ಸಿಕ್ಕಿಕೊಂಡಾಗ

ಯಾವ ಗುಂಪಿನಲ್ಲೂ ಏನೂ ಬರಲಿಲ್ಲವೇ? ಸೋಡಿಯಂ ಅಥವಾ ಪೊಟ್ಯಾಸಿಯಂ ಇರಬಹುದು, ಜ್ವಾಲೆಗೆ ಹಿಂತಿರುಗಿ. ಅಮೋನಿಯಂ ಬಂದಿದ್ದರೆ ಅದೇ ನಿಮ್ಮ ಕ್ಯಾಟಯಾನ್.

ಎರಡು ಗುಂಪಿನಲ್ಲಿ ಬಂತೇ? ಮೊದಲು ಬಂದ ಗುಂಪು ಪೂರ್ತಿ ಬೀಳಲಿಲ್ಲ, ಅಥವಾ ಸೋಸದೆ ಮುಂದೆ ಹೋಗಿದ್ದೀರಿ. ಸೋಸಿದ ತಿಳಿಗೆ ಅದೇ ರೀಏಜೆಂಟ್ ಇನ್ನೊಂದು ಹನಿ ಹಾಕಿ ನೋಡುವ ಅಭ್ಯಾಸ ಮಾಡಿ. ಮತ್ತೆ ಮಬ್ಬಾದರೆ ಇನ್ನೂ ಮುಗಿದಿಲ್ಲ.

ಒಂದು ಟೆಸ್ಟ್ ಅನುಮಾನ ಹುಟ್ಟಿಸಿದರೆ ಸಾಲ್ಟ್ ಇಲ್ಲದೆ, ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದೇ ಟೆಸ್ಟ್ ಮಾಡಿ. ಅದರಲ್ಲೂ ಅದೇ ಫಲಿತಾಂಶ ಬಂದರೆ ನಿಮ್ಮ ಸಾಲ್ಟ್‌ಗೂ ಅದಕ್ಕೂ ಸಂಬಂಧವಿಲ್ಲ.

ರೆಕಾರ್ಡಿನಲ್ಲಿ ಕಂಡದ್ದನ್ನು ಮೊದಲು ಬರೆಯಿರಿ, ಅರ್ಥ ಆಮೇಲೆ. "ಕ್ಲೋರೈಡ್ ಬಂತು" ಅಂತಲ್ಲ, "ಮೊಸರಿನಂಥ ಬಿಳಿ ಪ್ರೆಸಿಪಿಟೇಟ್, ಅಮೋನಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿತು" ಅಂತ. ಹಾಗೆ ಬರೆದಿದ್ದಕ್ಕೇ ಆ ಹುಡುಗನ ತಪ್ಪು ಎಲ್ಲಿ ಅಂತ ಹತ್ತು ನಿಮಿಷದಲ್ಲಿ ಗೊತ್ತಾಯಿತು.

ಹಂತ 8: ಚೆಲ್ಲುವುದು, ತೊಳೆಯುವುದು

ಲೆಡ್, ಬೇರಿಯಂ, ಕ್ರೋಮೇಟ್, ಸಿಲ್ವರ್, ಕ್ಯಾಡ್ಮಿಯಂ ಇರುವ ಯಾವುದನ್ನೂ ಸಿಂಕಿಗೆ ಸುರಿಯಬೇಡಿ. ಹೆವಿ ಮೆಟಲ್ ವೇಸ್ಟ್ ಅಂತ ಬರೆದ ಬಾಟಲಿ ಕೇಳಿ. ಸಿಲ್ವರ್ ನೈಟ್ರೇಟ್ ಮತ್ತು ಅಮೋನಿಯಾ ಬೆರೆತ ದ್ರಾವಣವನ್ನು ನಾಳೆಗೆ ಅಂತ ಎತ್ತಿಡಬೇಡಿ, ನಿಂತಲ್ಲೇ ಸಿಡಿಯುವ ವಸ್ತು ಅದರಲ್ಲಿ ಹುಟ್ಟಬಹುದು. ಡೈಲ್ಯೂಟ್ ನೈಟ್ರಿಕ್ ಆಸಿಡ್ ಹಾಕಿ ಆಮ್ಲೀಯ ಮಾಡಿ ಅದೇ ದಿನ ವೇಸ್ಟ್ ಬಾಟಲಿಗೆ ಹಾಕಿ.

ಆಸಿಡ್ ಚರ್ಮಕ್ಕೆ ಬಿದ್ದರೆ ಮೊದಲು ನಲ್ಲಿ. ಕನಿಷ್ಠ ಹದಿನೈದು ನಿಮಿಷ ಹರಿಯುವ ನೀರಿನಡಿ ಹಿಡಿಯಿರಿ, ಹೇಳುವುದು ಕೇಳುವುದು ಆಮೇಲೆ. ಬೆರಳಿಗೆ ಸಿಲ್ವರ್ ನೈಟ್ರೇಟ್ ತಾಗಿ ಕಪ್ಪಾದರೆ ಹೆದರಬೇಡಿ, ಕೆಲವು ದಿನದಲ್ಲಿ ಚರ್ಮದ ಜೊತೆ ಹೋಗುತ್ತದೆ. ತೊಳೆದ ಟ್ಯೂಬ್‌ಗಳನ್ನು ಸ್ಟ್ಯಾಂಡಿನಲ್ಲಿ ಬೋರಲು ಹಾಕಿ. ಮಳೆಗಾಲದಲ್ಲಿ ಅವು ರಾತ್ರಿಯಿಡೀ ಬಿಟ್ಟರೂ ಒಣಗಿರುವುದಿಲ್ಲ, ನಾಳೆಯ ಒಣ ಟ್ಯೂಬ್ ಮೂರನ್ನು ಇವತ್ತೇ ಓವನ್ನಿಗೆ ಹಾಕಿ ಹೋಗಿ.